ಫ್ಯಾಟಿ ಲಿವರ್‌ಗೆ ಎನ್‌ಎಎಫ್‌ಎಲ್‌ಡಿ ಅನ್ನೋ ಹೆಸರು ಹೋಗಿ ಎಂಎಎಸ್‌ಎಲ್‌ಡಿ ಬಂದಿದೆ: ಕಾಯಿಲೆ ಜಾಸ್ತಿ ಆಯ್ತಾ, ಹೆಸರು ಮಾತ್ರ ಬದಲಾಯ್ತಾ?

ಪ್ರಶ್ನೆ

ನನಗೆ 46 ವರ್ಷ. ಕುಡಿಯುವ ಅಭ್ಯಾಸ ಇಲ್ಲವೇ ಇಲ್ಲ. ಮೂರು ವರ್ಷದ ಹಿಂದೆ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂದಾಗ ಡಾಕ್ಟರು ಎನ್‌ಎಎಫ್‌ಎಲ್‌ಡಿ ಅಂತ ಬರೆದಿದ್ದರು. ಮೊನ್ನೆ ಗ್ರೇಡ್ 2 ಬಂದಿದೆ, ಬೇರೆ ಡಾಕ್ಟರು ಎಂಎಎಸ್‌ಎಲ್‌ಡಿ ಅಂತ ಬರೆದಿದ್ದಾರೆ. ಹುಡುಕಿದರೆ ಎಂಎಎಫ್‌ಎಲ್‌ಡಿ ಅಂತ ಇನ್ನೊಂದೂ ಸಿಕ್ಕಿತು! ಲಿವರ್‌ನ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ 38, ಎಸ್‌ಜಿಪಿಟಿ 52, ಪ್ಲೇಟ್‌ಲೆಟ್ 2 ಲಕ್ಷ 40 ಸಾವಿರ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 5.9, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 190. ಎರಡು ದಿನದಿಂದ ನಿದ್ದೆ ಇಲ್ಲ.

ಉತ್ತರ 1

ಹೆಸರಿನ ವಿಷಯಕ್ಕೆ ನಿದ್ದೆ ಕೆಡಿಸ್ಕೋಬೇಡಿ. ಕಾಯಿಲೆ ಅದೇ. ಹಳೆಯ ಹೆಸರು ಇದು ಕುಡಿತದಿಂದ ಬಂದದ್ದಲ್ಲ ಅಂತ ಮಾತ್ರ ಹೇಳುತ್ತಿತ್ತು, ಯಾತರಿಂದ ಬಂತು ಅಂತ ಹೇಳುತ್ತಲೇ ಇರಲಿಲ್ಲ. 2020ರಲ್ಲಿ ಕೆಲವು ತಜ್ಞರು ಎಂಎಎಫ್‌ಎಲ್‌ಡಿ ಅಂದರು, 2023ರಲ್ಲಿ ಹಲವು ದೇಶಗಳ ಲಿವರ್ ತಜ್ಞರ ಸಂಘಗಳು ಸೇರಿ ಎಂಎಎಸ್‌ಎಲ್‌ಡಿ ಅಂತ ಒಪ್ಪಿಕೊಂಡವು, ಅಂದರೆ ದೇಹ ಸಕ್ಕರೆ, ಕೊಬ್ಬು ಬಳಸೋ ರೀತಿ ಏರುಪೇರಾಗಿ ಲಿವರ್‌ನಲ್ಲಿ ಕೊಬ್ಬು ತುಂಬೋ ಕಾಯಿಲೆ. 'ಫ್ಯಾಟಿ' ಅನ್ನೋ ಮಾತು ರೋಗಿಯನ್ನೇ ಬೈದ ಹಾಗಿದೆ ಅನ್ನೋದೂ ಒಂದು ಕಾರಣ. ನನಗಂತೂ ಹೊಸ ಹೆಸರು ಬಾಯಲ್ಲಿ ಹೊರಳಲ್ಲ, ಆದರೆ ಅರ್ಥ ಸರಿಯಾಗಿದೆ.

ಎಂಎಎಸ್‌ಎಲ್‌ಡಿ ಅನ್ನೋಕೆ ಲಿವರ್‌ನಲ್ಲಿ ಕೊಬ್ಬು ಇರಬೇಕು, ಜೊತೆಗೆ ಈ ಐದರಲ್ಲಿ ಒಂದಾದರೂ ಇರಬೇಕು: ತೂಕ ಅಥವಾ ಸೊಂಟದ ಸುತ್ತಳತೆ ಜಾಸ್ತಿ, ಸಕ್ಕರೆ ಜಾಸ್ತಿ (ಎಚ್‌ಬಿಎ1ಸಿ 5.7 ಅಥವಾ ಮೇಲಿದ್ದರೂ ಲೆಕ್ಕಕ್ಕೆ ಬರುತ್ತೆ), ಬಿಪಿ 130/85 ಅಥವಾ ಮೇಲೆ, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ. ನಿಮ್ಮಲ್ಲಿ ಎರಡು ಆಗಲೇ ಇವೆ ಅಲ್ವಾ? ಹೆಪಟೈಟಿಸ್, ಕೆಲವು ಮಾತ್ರೆಗಳಂಥ ಬೇರೆ ಕಾರಣ ಇದೆಯಾ ಅಂತಲೂ ನೋಡಬೇಕು.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಮುಖ್ಯವಾದದ್ದು ಬಿಟ್ಟರು. ಸ್ಕ್ಯಾನಿಂಗಿನ ಗ್ರೇಡ್ ಕೊಬ್ಬು ಎಷ್ಟಿದೆ ಅಂತ ಅಂದಾಜು ಹೇಳುತ್ತೆ ಅಷ್ಟೆ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಲ್ಲ. ಮುಂದೆ ತೊಂದರೆ ಕೊಡೋದು ಆ ಗಟ್ಟಿಯಾಗೋದೇ, ಅದಕ್ಕೆ ಫೈಬ್ರೋಸಿಸ್ ಅಂತಾರೆ. ಮೊದಲ ಹೆಜ್ಜೆಗೆ ಫಿಬ್-4 ಅನ್ನೋ ಲೆಕ್ಕ ಇದೆ, ನಿಮ್ಮ ಹತ್ತಿರ ಇರೋ ರಿಪೋರ್ಟೇ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ, ಅಂದರೆ 240) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. ನಿಮ್ಮದು ಸುಮಾರು 1.01 ಬರುತ್ತೆ. 1.3ಕ್ಕಿಂತ ಕಡಿಮೆ ಇದ್ದರೆ ಗಟ್ಟಿಯಾಗಿರೋ ಸಾಧ್ಯತೆ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರನ್ನೇ ನೋಡಬೇಕು, ನಡುವೆ ಬಂದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿ ಅಂತ ಅಳೆಯೋ ಸ್ಕ್ಯಾನ್) ಮಾಡಿಸಬೇಕು. 65 ದಾಟಿದವರಿಗೆ ಕೆಳಗಿನ ಗಡಿ 2. ಇದು ಡಾಕ್ಟರ ಬದಲಿಗೆ ಅಲ್ಲ, ಅವರ ಹತ್ತಿರ ಕೇಳೋದಕ್ಕೆ.

ಪ್ರಶ್ನೆ ಕೇಳಿದವರು

ಅಬ್ಬಾ, ಲೆಕ್ಕ ಮಾಡಿಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನನ್ನ ತಮ್ಮ ಸಣ್ಣಗಿದ್ದಾನೆ, ಎಸ್‌ಜಿಪಿಟಿ ನಾರ್ಮಲ್. ಅವನಿಗೆ ಭಯ ಇಲ್ಲ ಅಲ್ವಾ?

ಉತ್ತರ 3

ಹಾಗೇನಿಲ್ಲ. ನಾನೂ ಸಣ್ಣಗೇ ಇದ್ದೆ, ಎಸ್‌ಜಿಪಿಟಿ ಯಾವತ್ತೂ 40 ದಾಟಿರಲಿಲ್ಲ, ಸಕ್ಕರೆ ಕಾಯಿಲೆ ಬಂದ ಮೇಲೆ ನೋಡಿದರೆ ಫೈಬ್ರೋಸ್ಕ್ಯಾನ್‌ನಲ್ಲಿ ಲಿವರ್ ಆಗಲೇ ಗಟ್ಟಿ. ಕೊಬ್ಬು ಕಡಿಮೆ ಇದ್ದರೆ ಮಾಮೂಲಿ ಸ್ಕ್ಯಾನಿಂಗ್‌ಗೂ ಕಾಣಲ್ಲ. ತಮ್ಮನಿಗೆ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ ಒಮ್ಮೆ ನೋಡಿಸಿ. ನಿಮ್ಮ ತೂಕ ಜಾಸ್ತಿ ಇದ್ದರೆ ನೂರಕ್ಕೆ 5 ಭಾಗ ಇಳಿಸಿದರೂ ಲಿವರ್‌ನ ಕೊಬ್ಬು ಇಳಿಯುತ್ತೆ. ಫೈಬ್ರೋಸಿಸ್ ಹಿಂದೆ ಸರಿಯಬೇಕು ಅಂದರೆ 10ರ ಹತ್ತಿರ ಬೇಕಾಗುತ್ತೆ. ನನ್ನ ಕಥೆ ಬೇರೆ, ನನಗೆ ಇಳಿಸೋಕೆ ತೂಕವೇ ಇರಲಿಲ್ಲ.