ಆರೂವರೆ ತಿಂಗಳ ಮಗುವಿಗೆ ಪೀನಟ್ ಬಟರ್: ಎಷ್ಟು, ಎಷ್ಟು ತೆಳು, ಎಷ್ಟು ಹೊತ್ತು ಕಾಯಬೇಕು?

ತೊಟ್ಟಿಲು:

ಮಗುವಿಗೆ ಆರೂವರೆ ತಿಂಗಳು. ಗಂಜಿ, ಹಿಸುಕಿದ ಬಾಳೆಹಣ್ಣು, ಬೇಯಿಸಿದ ತರಕಾರಿ ಎಲ್ಲ ಮೂರು ವಾರದಿಂದ ತಿನ್ನುತ್ತಿದೆ. ಮೊಟ್ಟೆಯೂ ಆಯ್ತು, ತೊಂದರೆ ಆಗಲಿಲ್ಲ. ಕೆನ್ನೆ ಮತ್ತು ಕಾಲಿನ ಮೇಲೆ ಆಗಾಗ ಒಣ ಕೆಂಪು ತೇಪೆ ಏಳುತ್ತದೆ. ಡಾಕ್ಟರು ಎಕ್ಸಿಮಾ ಅಂದಿದ್ದಾರೆ, ಬರೀ ಮಾಯಿಶ್ಚರೈಸರ್‌ಗೇ ಇಳಿಯುತ್ತದೆ. ಈಗ ಕಡಲೆಕಾಯಿ ಶುರು ಮಾಡಬೇಕು. ಒಬ್ಬರು ಮೂರು ವರ್ಷ ತುಂಬುವ ತನಕ ಬೇಡವೇ ಬೇಡ ಅಂತಾರೆ, ಇನ್ನೊಬ್ಬರು ಮೊದಲು ಕೆನ್ನೆಗೆ ಚೂರು ಸವರಿ ನೋಡಿ, ಆಮೇಲೆ ಬಾಯಿಗೆ ಕೊಡಿ ಅಂತಾರೆ. ಆ ಅಂಟು ನೋಡಿದರೆ ನನಗೆ ಅಲರ್ಜಿಗಿಂತ ಗಂಟಲಿಗೆ ಸಿಕ್ಕಿಕೊಳ್ಳುವುದೇ ಭಯ. ಅಳತೆ ಸಮೇತ ಬಿಡಿಸಿ ಹೇಳುವವರು ಯಾರಾದರೂ ಇದ್ದೀರಾ?

ಚಮಚಲೆಕ್ಕ:

ಮೊದಲು ಆ ಕೆನ್ನೆಯ ಸಲಹೆಯನ್ನು ಪಕ್ಕಕ್ಕಿಡಿ. ಎಕ್ಸಿಮಾ ಇರುವ ಚರ್ಮ ಬಿರುಕು ಬಿಟ್ಟ ಗೋಡೆಯಿದ್ದಂತೆ. ಅದರ ಮೂಲಕ ಒಳಹೊಕ್ಕ ಕಡಲೆಕಾಯಿ ಪ್ರೋಟೀನನ್ನು ದೇಹ ಶತ್ರು ಅಂತ ಗುರುತು ಹಾಕಿಕೊಳ್ಳುವ ಸಂಭವ ಹೆಚ್ಚು. ಅದೇ ಪ್ರೋಟೀನು ಬಾಯಿಂದ ಹೊಟ್ಟೆಗೆ ಹೋದರೆ ಒಗ್ಗಿಕೊಳ್ಳುವ ಸಂಭವ ಹೆಚ್ಚು. ಸವರಿ ನೋಡುವುದೆಂದರೆ ತಪ್ಪು ಬಾಗಿಲು ತೆರೆದ ಹಾಗೆ. ಅಲ್ಲದೆ ಸವರಿದ ಜಾಗ ಕೆಂಪಾದರೂ ಆಗದಿದ್ದರೂ ಅದರಿಂದ ಅಲರ್ಜಿ ಇದೆಯೋ ಇಲ್ಲವೋ ತೀರ್ಮಾನ ಆಗುವುದಿಲ್ಲ.

ಮೂರು ವರ್ಷದ ಮಾತು ಯಾರೋ ಕಟ್ಟಿದ ಕಥೆಯಲ್ಲ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಹಾಗೆ ಮಾಡಿ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೇ 2000ರಲ್ಲಿ ಹೇಳಿತ್ತು, 2008ರಲ್ಲಿ ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಲೀಪ್ ಅಧ್ಯಯನ ಅದನ್ನು ಪೂರ್ತಿ ತಲೆಕೆಳಗು ಮಾಡಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಮಕ್ಕಳು. ಅರ್ಧ ಮಕ್ಕಳಿಗೆ ಕಡಲೆಕಾಯಿ ತಿನ್ನಿಸಿದರು, ಉಳಿದವರಿಗೆ ಐದು ವರ್ಷದವರೆಗೆ ಮುಟ್ಟಿಸಲಿಲ್ಲ. ಐದನೇ ವರ್ಷಕ್ಕೆ ಕಡಲೆಕಾಯಿ ಅಲರ್ಜಿ ಇದ್ದದ್ದು ದೂರವಿಟ್ಟವರಲ್ಲಿ ನೂರಕ್ಕೆ 17.2, ತಿಂದವರಲ್ಲಿ 3.2. ಒಂದು ಮಾತು: ಚರ್ಮದ ಪರೀಕ್ಷೆಯಲ್ಲಿ ಮೊದಲೇ ದೊಡ್ಡ ದದ್ದು ಎದ್ದ ಮಕ್ಕಳನ್ನು ಇದಕ್ಕೆ ಸೇರಿಸಿರಲಿಲ್ಲ. ಹಾಗಾಗಿ ಇದನ್ನು ಓದಿ ಎಲ್ಲರೂ ಕಣ್ಣು ಮುಚ್ಚಿ ತಿನ್ನಿಸಬಹುದು ಎಂದುಕೊಳ್ಳಬಾರದು.

2017ರ ಅಮೆರಿಕದ ಮಾರ್ಗಸೂಚಿ ಮಕ್ಕಳನ್ನು ಮೂರು ಗುಂಪು ಮಾಡುತ್ತದೆ. ಡಾಕ್ಟರು ಬರೆದುಕೊಟ್ಟ ಸ್ಟೆರಾಯ್ಡ್ ಮುಲಾಮು ಪದೇ ಪದೇ ಬೇಕಾಗುವಂಥ ತೀವ್ರ ಎಕ್ಸಿಮಾ ಇದ್ದರೆ, ಇಲ್ಲವೇ ಮೊಟ್ಟೆ ಅಲರ್ಜಿ ಇದ್ದರೆ, 4ರಿಂದ 6 ತಿಂಗಳೊಳಗೆ ಡಾಕ್ಟರ ಬಳಿ ಹೋಗಿ ರಕ್ತ ಅಥವಾ ಚರ್ಮದ ಪರೀಕ್ಷೆ, ಅದರ ಮೇಲೆ ಮುಂದಿನ ತೀರ್ಮಾನ. ಸೌಮ್ಯ ಅಥವಾ ಮಧ್ಯಮ ಎಕ್ಸಿಮಾ ಇದ್ದರೆ ಸುಮಾರು ಆರು ತಿಂಗಳಿಗೆ ಮನೆಯಲ್ಲೇ ಶುರು ಮಾಡಬಹುದು. ಎರಡೂ ಇಲ್ಲದಿದ್ದರೆ ಬೇರೆ ಘನ ಆಹಾರದ ಜೊತೆಗೇ. ನೀವು ಬರೆದದ್ದನ್ನು ನೋಡಿದರೆ ಎರಡನೆಯದು. ಮುಲಾಮು ಬೇಕಾಗುತ್ತಿದ್ದು ಬರೆಯಲು ಮರೆತಿದ್ದರೆ ಮಾತ್ರ ಇಲ್ಲೇ ನಿಲ್ಲಿಸಿ, ಡಾಕ್ಟರನ್ನು ಕೇಳಿ.

ಈಗ ಮಾಡುವ ಬಗೆ. ನುಣ್ಣನೆಯ ಪೀನಟ್ ಬಟರ್ ಎರಡು ಟೀ ಚಮಚ, ತಲೆ ಮಟ್ಟಸ ಮಾಡಿದ್ದು. ಹತ್ತಿರ ಹತ್ತಿರ 10 ಗ್ರಾಂ, ಅದರಲ್ಲಿ ಪ್ರೋಟೀನು ಸುಮಾರು 2 ಗ್ರಾಂ. ಬಟ್ಟಲಿಗೆ ಹಾಕಿ ಒಂದು ಟೀ ಚಮಚ ಬಿಸಿನೀರು ಬಿಟ್ಟು ಕಲಸಿ. ತೆಳುವಾಗುವ ಬದಲು ಅದು ಇನ್ನೂ ಗಟ್ಟಿಯಾಗಿ, ಒಡೆದ ಹಾಗೆ ಮುದ್ದೆ ಕಟ್ಟುತ್ತದೆ. ಬಹಳ ಜನ ಇಲ್ಲೇ ಕೆಟ್ಟಿತು ಅಂತ ಚೆಲ್ಲುವುದು. ಎರಡನೇ ಚಮಚಕ್ಕೆ ಸಡಿಲವಾಗುತ್ತದೆ, ಮೂರನೆಯದಕ್ಕೆ ಕೆನೆಯಂತಾಗುತ್ತದೆ. ಚಮಚ ವಾಲಿಸಿದರೆ ತಾನಾಗಿ ಹರಿದು ಬೀಳಬೇಕು. ದಾರದಂತೆ ಎಳೆದುಕೊಂಡು ನೇತಾಡಿದರೆ ಇನ್ನೊಂದಿಷ್ಟು ನೀರು ಹಾಕಿ. ನೀರಿನ ಬದಲು ಎದೆಹಾಲು, ಫಾರ್ಮುಲಾ ಹಾಲು ಆಗಬಹುದು. ತೆಳುವಾದ ಮೇಲೆ ಮೊಸರಿಗೋ ಬಾಳೆಹಣ್ಣಿಗೋ ಬೆರೆಸಬಹುದು. ಗಂಟು ಉಳಿದಿದೆಯೇ ಎಂದು ಬೆರಳಲ್ಲಿ ಉಜ್ಜಿ ನೋಡಿ, ಪೂರ್ತಿ ಆರಿಸಿ.

ಮಗು ಆರೋಗ್ಯವಾಗಿರುವ ದಿನ ಮಾತ್ರ. ಶೀತ, ಜ್ವರ, ಭೇದಿ ಇದ್ದಾಗ ಬೇಡ. ಬೆಳಗಿನ ಹೊತ್ತು ಒಳ್ಳೆಯದು, ನಿದ್ದೆಗೆ ಮುಂಚೆ ಬೇಡ. ಅವತ್ತು ಬೇರೆ ಯಾವ ಹೊಸ ಆಹಾರವನ್ನೂ ಕೊಡಬೇಡಿ. ಚಮಚದ ತುದಿಯಷ್ಟು ಬಾಯಿಗೆ ಹಾಕಿ, 10 ನಿಮಿಷ ಕಾಯಿರಿ. ಏನೂ ಇಲ್ಲದಿದ್ದರೆ ಉಳಿದದ್ದನ್ನು ಮಗುವಿನ ಎಂದಿನ ವೇಗದಲ್ಲಿ ತಿನ್ನಿಸಿ. ಆಮೇಲೆ ಎರಡು ಗಂಟೆ ಯಾರಾದರೊಬ್ಬರು ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಮೊದಲ ದಿನ ಅರ್ಧಕ್ಕೇ ಬಾಯಿ ಮುಚ್ಚಿಕೊಂಡರೆ ಒತ್ತಾಯ ಬೇಡ.

ರಾತ್ರಿಪಾಳಿ:

ಮೇಲಿನದಕ್ಕೆ ಸೇರಿಸುವುದು: ಏನನ್ನು ನೋಡಬೇಕು ಅನ್ನುವುದು. ಬಾಯಿ ಸುತ್ತ, ಆಹಾರ ತಾಗಿದಲ್ಲಿ ಮಾತ್ರ ಚಪ್ಪಟೆಯಾಗಿ ಕೆಂಪಾಗಿ ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ಹೆಚ್ಚಾಗಿ ಚರ್ಮದ ಕಿರಿಕಿರಿ. ಎಕ್ಸಿಮಾ ಮಕ್ಕಳಲ್ಲಿ ಇದು ಮಾಮೂಲು. ತಿನ್ನಿಸುವ ಮೊದಲು ಬಾಯಿ ಸುತ್ತ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ತಿಂದ ಮೇಲೆ ಒರೆಸದೆ ಒದ್ದೆ ಬಟ್ಟೆ ಒತ್ತಿ ತೆಗೆಯಿರಿ. ಸೊಳ್ಳೆ ಕಚ್ಚಿದಂತೆ ಉಬ್ಬಿದ ಗಂಧೆ, ಅದೂ ಆಹಾರ ತಾಗದ ಹೊಟ್ಟೆ, ಬೆನ್ನಿನ ಮೇಲೆ ಎದ್ದರೆ ಅದು ಬೇರೆ ವಿಷಯ. ತಿನ್ನಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳುವ ತನಕ ಮತ್ತೆ ಕೊಡಬೇಡಿ.

ಕೆಮ್ಮು ಬಿಡದಿರುವುದು, ಉಸಿರಾಡುವಾಗ ಸುಯ್ಗುಡುವುದು, ಅಳುವ ದನಿ ಒಡೆಯುವುದು, ನಾಲಿಗೆ ಊದುವುದು, ಗಂಧೆಯ ಜೊತೆ ಮೇಲಿಂದ ಮೇಲೆ ವಾಂತಿ, ಮಗು ಬಿಳಿಚಿಕೊಂಡು ಜೋತುಬೀಳುವುದು: ಇವು ಅನಾಫಿಲ್ಯಾಕ್ಸಿಸ್‌ನ, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿಯ ಲಕ್ಷಣ. ತಕ್ಷಣ ಆಂಬುಲೆನ್ಸ್. ಇದಕ್ಕೆ ಮದ್ದು ತೊಡೆಯ ಹೊರಬದಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಅಲರ್ಜಿ ಸಿರಪ್ ಕುಡಿಸಿ ಇಳಿಯುತ್ತದೇನೋ ಎಂದು ಕಾಯುತ್ತ ಕೂರಬೇಡಿ. ಅದು ತುರಿಕೆ ತಗ್ಗಿಸುತ್ತದೆ, ಉಸಿರನ್ನು ಉಳಿಸುವುದಿಲ್ಲ. ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಳ್ಳದೆ ತೋಳಿನಲ್ಲಿ ಅಡ್ಡಲಾಗಿ ಮಲಗಿಸಿ ಹಿಡಿದುಕೊಳ್ಳಿ, ವಾಂತಿ ಇದ್ದರೆ ಒಂದು ಮಗ್ಗುಲಿಗೆ.

ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದಿದೆ. ಗಂಧೆ, ಊತ ಏನೂ ಇಲ್ಲದೆ, ತಿಂದು ಒಂದರಿಂದ ನಾಲ್ಕು ಗಂಟೆಯ ಮೇಲೆ ಮತ್ತೆ ಮತ್ತೆ ವಾಂತಿಯಾಗಿ ಮಗು ಸುಸ್ತಾಗಿ ಬಿಳಿಚಿಕೊಳ್ಳುವುದು. ಇದು ಕರುಳಿನ ಅಲರ್ಜಿ, ಎಫ್‌ಪಿಐಇಎಸ್ ಅನ್ನುತ್ತಾರೆ. ಚರ್ಮ, ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಹೊಟ್ಟೆ ಕೆಟ್ಟಿದೆ ಎಂದು ತಪ್ಪಾಗಿ ತಿಳಿಯುವುದೇ ಹೆಚ್ಚು. ಎಷ್ಟು ಗಂಟೆಗೆ ತಿಂದದ್ದು, ಎಷ್ಟಕ್ಕೆ ವಾಂತಿ ಶುರುವಾದದ್ದು ಅಂತ ಬರೆದಿಟ್ಟುಕೊಂಡು ಆಸ್ಪತ್ರೆಗೆ ಹೋಗಿ.

ಅಡುಗೆಕಟ್ಟೆ:

ಡಬ್ಬಿ ಆರಿಸುವಾಗ ಹಿಂಬದಿ ಓದಿ. ಬರೀ ಕಡಲೆಕಾಯಿ ಇದ್ದರೆ ಸಾಕು. ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ಬೆರೆಸಿದ್ದನ್ನು ಒಂದು ವರ್ಷದೊಳಗೆ ಕೊಡಲೇಬಾರದು, ಬಾಟ್ಯುಲಿಸಂ ಎಂಬ, ನರಗಳನ್ನು ಕುಗ್ಗಿಸುವ ವಿಷಬಾಧೆಯ ಅಪಾಯವಿದೆ. ಬರೀ ಕಡಲೆಕಾಯಿಯದ್ದರಲ್ಲಿ ಎಣ್ಣೆ ಮೇಲೆ ತೇಲುತ್ತದೆ, ತಳ ಕಲ್ಲಿನಂತಿರುತ್ತದೆ. ಮೊದಲು ತಳದಿಂದ ಚೆನ್ನಾಗಿ ಕಲಸಿ, ಆಮೇಲೆ ಅಳೆಯಿರಿ. ಇಲ್ಲದಿದ್ದರೆ ಮೊದಲ ವಾರ ಮಗುವಿಗೆ ಹೋಗುವುದು ಬರೀ ಎಣ್ಣೆ.

ಮನೆಯಲ್ಲೇ ಹುರಿದು ರುಬ್ಬುವವರು ಕಪ್ಪಾದ, ಮುರುಟಿದ, ಬೂಷ್ಟು ಹಿಡಿದ ಬೀಜ ಒಂದೂ ಬಿಡದೆ ಆರಿಸಿ ಎಸೆಯಿರಿ. ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ, ತೆಳು ಮಾಡಿ, ಸಣ್ಣ ಜಾಲರಿಯಲ್ಲಿ ಸೋಸಿ. ಮಿಕ್ಸಿ ಎಷ್ಟೇ ತಿರುಗಿದರೂ ಜಾಲರಿಯಲ್ಲಿ ಒಂದಿಷ್ಟು ನುಚ್ಚು ಉಳಿದೇ ಉಳಿಯುತ್ತದೆ.

ಗಂಟಲ ಭಯ ನ್ಯಾಯವಾದದ್ದೇ. ಡಬ್ಬಿಯಿಂದ ಚಮಚದಲ್ಲಿ ಹಾಗೇ ತೆಗೆದ ಉಂಡೆ ಅಂಗುಳಿಗೆ ಮೆತ್ತಿಕೊಂಡರೆ ಮಗು ನಾಲಿಗೆಯಲ್ಲಿ ಬಿಡಿಸಿಕೊಳ್ಳಲಾರದು. ಎರಡು ವರ್ಷದ ಮಗುವಿಗೂ ಹಾಗೆ ಕೊಡಬೇಡಿ. ಚೂರಿರುವ ಕ್ರಂಚಿ ಬೇಡ. ಇಡೀ ಬೀಜವಂತೂ ಕನಿಷ್ಠ ನಾಲ್ಕು ವರ್ಷದ ತನಕ ಬೇಡ. ಬ್ರಿಟನ್ನಿನಲ್ಲಿ ಐದು ಅನ್ನುತ್ತಾರೆ. ಚೆನ್ನಾಗಿ ಅರೆದು ನುಂಗುವ ರೂಢಿ ಬಂದಿರುವುದಿಲ್ಲ, ನಗುತ್ತ ಓಡುತ್ತ ಉಸಿರೆಳೆದರೆ ಬೀಜ ನೇರ ಶ್ವಾಸನಾಳಕ್ಕೆ.

ತೊಟ್ಟಿಲು:

ತುಂಬಾ ಉಪಕಾರ. ಮುಲಾಮು ಬೇಕಾಗಿಲ್ಲ, ಎರಡನೇ ಗುಂಪೇ. ಒಂದು ಸಲ ತಿಂದು ಏನೂ ಆಗದಿದ್ದರೆ ಮುಗಿಯಿತೇ, ಅಥವಾ ಮುಂದುವರಿಸಬೇಕೇ? ಎಲ್ಲಿಯ ತನಕ?

ಚಮಚಲೆಕ್ಕ:

ಮುಗಿಯಲಿಲ್ಲ, ಬಹಳ ಮನೆಗಳಲ್ಲಿ ಎಡವುವುದೇ ಇಲ್ಲಿ. ಒಂದು ಸಲ ಕೊಟ್ಟು, ಅಬ್ಬ ಏನೂ ಆಗಲಿಲ್ಲ ಅಂತ ಡಬ್ಬಿ ಕಪಾಟು ಸೇರಿದರೆ ಪ್ರಯೋಜನವಿಲ್ಲ. ಲೀಪ್‌ನ ಮಕ್ಕಳು ವಾರಕ್ಕೆ 6 ಗ್ರಾಂ ಪ್ರೋಟೀನನ್ನು ಮೂರು ಅಥವಾ ಹೆಚ್ಚು ಸಲವಾಗಿ ತಿಂದರು, ಐದು ವರ್ಷದವರೆಗೆ. ನಿಮ್ಮ ಲೆಕ್ಕಕ್ಕೆ ಎರಡೆರಡು ಟೀ ಚಮಚ, ವಾರಕ್ಕೆ ಮೂರು ಸಲ. ಒಮ್ಮೆಗೆ ಅಷ್ಟು ತಿನ್ನದಿದ್ದರೆ ಒಂದೊಂದು ಚಮಚ ಆರು ದಿನ. ಜ್ವರ ಬಂದು ವಾರ ತಪ್ಪಿದರೆ ಗಾಬರಿ ಬೇಡ, ತಿಂಗಳುಗಟ್ಟಲೆ ಬಿಡಬೇಡಿ. ಮೊದಲ ಸಲ ಸುಮ್ಮನಿದ್ದು ಎರಡನೆಯದಕ್ಕೋ ಮೂರನೆಯದಕ್ಕೋ ಗಂಧೆ ಏಳುವುದುಂಟು, ಆದ್ದರಿಂದ ಮೊದಲ ಕೆಲವು ಸಲವೂ ಹಗಲಲ್ಲೇ ಕೊಡಿ.

ಐದು ವರ್ಷದ ನಂತರ ಅದೇ ಮಕ್ಕಳು ಒಂದು ವರ್ಷ ಪೂರ್ತಿ ಕಡಲೆಕಾಯಿ ಬಿಟ್ಟರೂ ರಕ್ಷಣೆ ಉಳಿದಿತ್ತು. ಹದಿಹರೆಯಕ್ಕೆ ಬಂದಾಗ ಮತ್ತೆ ನೋಡಿದ ಫಲಿತಾಂಶ 2024ರಲ್ಲಿ ಬಂತು: ಚಿಕ್ಕಂದಿನಲ್ಲಿ ತಿಂದ ಗುಂಪಿನಲ್ಲಿ ಅಲರ್ಜಿ ನೂರಕ್ಕೆ 71ರಷ್ಟು ಕಡಿಮೆ.

ಅಡುಗೆಕಟ್ಟೆ:

ವರ್ಷ ದಾಟಿದ ಮೇಲೆ ಬೇಸರ ಬಂದು ಮುಖ ತಿರುಗಿಸುತ್ತವೆ. ಆಗ ಬಿಸಿ ಬ್ರೆಡ್ಡಿನ ಮೇಲೆ ಬ್ರೆಡ್ಡು ಕಾಣುವಷ್ಟು ತೆಳ್ಳಗೆ ಸವರಿ, ಬೆರಳಗಲ ಪಟ್ಟಿ ಕತ್ತರಿಸಿ ಕೊಡಿ. ಬಿಸಿಗೆ ಅದು ಕರಗಿ ಹರಡುತ್ತದೆ, ಗುಡ್ಡೆ ನಿಲ್ಲುವುದಿಲ್ಲ. ಎಣ್ಣೆ ತೆಗೆದ ಕಡಲೆಕಾಯಿ ಪುಡಿಯಾದರೆ ಎರಡು ಟೀ ಚಮಚ, ಸುಮಾರು 4 ಗ್ರಾಂ, ಗಂಜಿಗೋ ಮೊಸರಿಗೋ ಕಲಸಿದರೆ ಅಷ್ಟೇ ಪ್ರೋಟೀನು. ಒಣ ಪುಡಿಯನ್ನು ಮೇಲೆ ಉದುರಿಸಬೇಡಿ, ಉಸಿರಿನಲ್ಲಿ ಒಳಗೆ ಹೋಗಿ ಕೆಮ್ಮು ಹತ್ತುತ್ತದೆ.