ಸತ್ತ ಹುಳು ಕಪ್ಪೆಗೆ ಕಾಣುವುದಿಲ್ಲವೇ?

ಪ್ರಶ್ನೆ (ಮಂಡ್ಯದ ಗೃಹಿಣಿ): ಮೇಷ್ಟ್ರೇ, ನಮ್ಮ ಮನೆ ನಾಲೆಯ ಪಕ್ಕದಲ್ಲಿದೆ. ಮೊನ್ನೆ ಮಳೆ ನಿಂತ ಮೇಲೆ ಜಗಲಿಯ ದೀಪಕ್ಕೆ ರೆಕ್ಕೆ ಬಂದ ಗೆದ್ದಲು ಮುತ್ತಿಕೊಂಡವು. ಒಂದು ಕಪ್ಪೆ ಬಂದು, ಹರಿದಾಡುತ್ತಿದ್ದವನ್ನೆಲ್ಲ ನುಂಗಿತು. ಮೂತಿಯ ಮುಂದೆಯೇ ಸತ್ತು ಬಿದ್ದಿದ್ದವನ್ನು ಮುಟ್ಟಲೂ ಇಲ್ಲ. ಮಗ ಒಂದು ಸತ್ತ ಹುಳುವಿಗೆ ದಾರ ಕಟ್ಟಿ ಎಳೆದ, ಗಬಕ್ಕನೆ ಹಿಡಿಯಿತು! ಅದರ ಕಣ್ಣು ಮಂದವೇ?

ಉತ್ತರ (ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಮೈಸೂರು): ಮಂದವಲ್ಲ ತಾಯಿ, ಬಲು ಚುರುಕು. ಮಗನಿಗೆ ಶಾಭಾಸ್ ಹೇಳಿ. 1959ರಲ್ಲಿ ಅಮೆರಿಕದ ವಿಜ್ಞಾನಿ ಲೆಟ್ವಿನ್ ಮತ್ತು ಸಂಗಡಿಗರು ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ, ದಾರದ ಬದಲು ಅಯಸ್ಕಾಂತದಿಂದ ವಸ್ತುಗಳನ್ನು ಸರಿಸಿ. ಕಪ್ಪೆಯ ಕಣ್ಣಿನ ನರದ ಕೆಲವು ಎಳೆಗಳು, ಸಣ್ಣ ಕಪ್ಪು ಚುಕ್ಕೆಯೊಂದು ಎದುರಿಗೆ ಸರಿದಾಡಿದಾಗ ಜೋರಾಗಿ ಮಿಡಿದವು. ಹಿನ್ನೆಲೆಯೇ ಇಡಿಯಾಗಿ ಸರಿದರೆ ಸುಮ್ಮನಿದ್ದವು.

ಅಕ್ಷಿಪಟಲ ಎಂದರೆ ಕಣ್ಣಿನ ಹಿಂಭಾಗದ ಪರದೆ. ಅದರಲ್ಲಿ ಬೆಳಕು ಹಿಡಿಯುವುದು ಮಂದ ಬೆಳಕಿಗೆ ದಂಡಕೋಶ, ಹೆಚ್ಚು ಬೆಳಕಿಗೆ ಶಂಕುಕೋಶ. ಅಡ್ಡಕ್ಕೆ ಹಬ್ಬಿದ ಕೋಶಗಳು ಒಂದು ಚುಕ್ಕೆಯ ಬೆಳಕನ್ನು ಅಕ್ಕಪಕ್ಕದ ಬೆಳಕಿನೊಂದಿಗೆ ತೂಗುತ್ತವೆ. ಹೀಗೆ ತೂಗಿ ಉಳಿದ ಸುದ್ದಿ ಕೊನೆಯ ಸಾಲಿನ ಗ್ಯಾಂಗ್ಲಿಯಾನ್ ಕೋಶಗಳಿಗೆ ತಲುಪುತ್ತದೆ. ನರದ ಎಳೆಗಳು ಹೊರಡುವುದು ಇವುಗಳಿಂದಲೇ. ಮೊರದಲ್ಲಿ ಅಕ್ಕಿ ಕೇರುತ್ತೀರಲ್ಲ, ಹಾಗೆ. ನಮ್ಮಲ್ಲಿ ಕೇರುವ ಕೆಲಸದ ಬಹುಪಾಲು ಮಿದುಳಿನದು. ಕಪ್ಪೆ ಅದರಲ್ಲಿ ಎಷ್ಟೋ ಪಾಲನ್ನು ಕಣ್ಣಿನಲ್ಲಿಯೇ ಮುಗಿಸುತ್ತದೆ.

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿ, ಮೈಸೂರು): ಸರ್, ಕಪ್ಪೆಯ ಶೀತರಕ್ತಕ್ಕೂ (ಸುತ್ತಲಿನ ಹವೆಗೆ ತಕ್ಕಂತೆ ಮೈಶಾಖ ಬದಲಾಗುವುದಕ್ಕೂ) ದೃಷ್ಟಿಗೂ ಸಂಬಂಧವಿದೆಯೇ?

ಉತ್ತರ: ಇದೆಯಪ್ಪ, ಸೊಗಸಾದ ಸಂಬಂಧ. ದಂಡಕೋಶದಲ್ಲಿ ಬೆಳಕು ಹೀರುವ ವಸ್ತುವಾದ ರೊಡಾಪ್ಸಿನ್‌ನ ಕಣ, ಬೆಳಕು ಬೀಳದಿದ್ದರೂ ಮೈಯ ಶಾಖಕ್ಕೇ ಆಗೊಮ್ಮೆ ಈಗೊಮ್ಮೆ ಬದಲಾಗಿ ಸುಳ್ಳು ಸುದ್ದಿ ಕಳಿಸುತ್ತದೆ. ಮೈ ತಣ್ಣಗಿದ್ದಷ್ಟೂ ಸುಳ್ಳು ಕಡಿಮೆ, ಮಂದ ಬೆಳಕಿನಲ್ಲಿ ನೋಟ ಮೇಲು. ಫಿನ್ಲೆಂಡಿನ ವಿಜ್ಞಾನಿಗಳು 1988ರಲ್ಲಿ ಇದನ್ನು ಕಪ್ಪೆಗಳಲ್ಲಿಯೇ ತೋರಿಸಿದರು.

ಇನ್ನೊಂದು ವಿಷಯ. ನಮಗಿರುವುದು ಒಂದೇ ಬಗೆಯ ದಂಡಕೋಶ. ಕತ್ತಲಲ್ಲಿ ನೀಲಿ ಸೀರೆ, ಹಸಿರು ಸೀರೆ ಎರಡೂ ಬೂದಿಯೇ. ಕಪ್ಪೆಗೆ ಎರಡು ಬಗೆ. ಒಂದು ಸುಮಾರು 502 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿಗೆ, ಇನ್ನೊಂದು 433ರ ನೀಲಿಗೆ. ಮೊದಲನೆಯದರ ಹೆಸರು ‘ಕೆಂಪು ದಂಡ’, ಎರಡನೆಯದು ‘ಹಸಿರು ದಂಡ’! ಹೀರಿದ ಬಣ್ಣ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಕಂಡ ಬಣ್ಣವನ್ನು ಹಿಡಿದು ಇಟ್ಟ ಹೆಸರುಗಳಿವು. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪದೆ ಎಡವುತ್ತಿದ್ದದ್ದು ಇಲ್ಲಿಯೇ.

ಪ್ರಶ್ನೆ (ಮಂಡ್ಯದ ಗೃಹಿಣಿ): ಮೇಷ್ಟ್ರೇ, ಆ ದಾರದ ತುಂಡೂ ಹೊಟ್ಟೆಗೆ ಹೋಯಿತಲ್ಲ?

ಉತ್ತರ: ಮುಂದಿನ ಸಲ ದಾರ ಬೇಡ, ಕಡ್ಡಿಯಿಂದ ನೂಕಲು ಹೇಳಿ.