ಬಂದರಿಕೆಯೋ, ಹಂಗರಿಕೆಯೋ? ಬೋರ್ಡಿಗೆ ಹೆಸರು ಬೇಕು

ಪ್ರಶ್ನೆ: ಕೊಪ್ಪಳದ ಶಾಲೆಯೊಂದರ ತೋಟಕ್ಕೆ ಗಿಡಗಳ ಬೋರ್ಡ್ ಬರೆಸುತ್ತಿದ್ದೇವೆ. ನಾಳೆಯೇ ಪೇಂಟರ್ ಬರುತ್ತಾರೆ. ಬೇಲಿಗೆ ಹಾಕಿದ ಗಿಡದ ವೈಜ್ಞಾನಿಕ ಹೆಸರು ಡೊಡೊನಿಯಾ ವಿಸ್ಕೋಸಾ. ಊರಿನವರು ಬಂದರಿಕೆ ಎನ್ನುತ್ತಾರೆ, ಪುಸ್ತಕದಲ್ಲಿ ಹಂಗರಿಕೆ ಅಂತಲೂ ಇದೆ. ಯಾವುದು ಸರಿ? ಕೆಳಗೆ ‘ನಿತ್ಯಹರಿದ್ವರ್ಣದ ಅಲಂಕಾರಿಕ ಪೊದೆ’ ಅಂತ ಬರೆಯಬಹುದಾ?

ಉತ್ತರ: ಮೊದಲು ಗಿಡ ಅದೇನಾ ನೋಡಿಕೊಳ್ಳಿ. ಎಳೆ ಎಲೆ ಮುಟ್ಟಿದರೆ ಬೆರಳಿಗೆ ಅಂಟಬೇಕು. ಕಾಯಿಗೆ ಕಾಗದದಷ್ಟು ತೆಳುವಾದ ರೆಕ್ಕೆಗಳು, ಸಾಮಾನ್ಯವಾಗಿ ಮೂರು. ಹಸಿರಾಗಿದ್ದದ್ದು ಬಲಿಯುತ್ತಾ ಕೆಂಗಂದು ಆಗುತ್ತದೆ. ನೇರಳೆ ಹೂವು, ಹಳದಿ ಹಣ್ಣಿನ ಗೊಂಚಲು ಇದ್ದರೆ ಅದು ಡುರಾಂಟಾ ಎಂಬ ಬೇರೆ ಬೇಲಿಗಿಡ. ಅದರ ಹಣ್ಣು ವಿಷ. ಶಾಲೆಯ ಬೋರ್ಡಿನಲ್ಲಿ ಆ ಮಾತೇ ಮೊದಲು ಬರಬೇಕು.

‘ನಿತ್ಯಹರಿದ್ವರ್ಣ’ ಬೇಡವೇ ಬೇಡ. ಓದುವವರು ಮಕ್ಕಳು. ‘ವರ್ಷವಿಡೀ ಹಸಿರಾಗಿರುವ ಬೇಲಿಗಿಡ’ ಸಾಕು. ‘ಅಲಂಕಾರಿಕ’ವೂ ಬೇಡ. ನಮ್ಮ ಗುಡ್ಡಗಳ ಕಲ್ಲುಮಣ್ಣಿನಲ್ಲಿ ತಾನಾಗಿ ಬೆಳೆಯುವ ಗಿಡ, ದನ ಬಾಯಿ ಹಾಕುವುದು ಕಡಿಮೆ. ಬೇಲಿಗೆ ಅದಕ್ಕೇ ಅಲ್ವಾ ಆರಿಸಿಕೊಳ್ಳುವುದು?

ಮತ್ತೊಬ್ಬರು: ಬಂದರಿಕೆ ತೆಲುಗಿನ ‘ಬಂದಾರು’ವಿನಿಂದ ಬಂದದ್ದು. ಹಂಗರಿಕೆ ಅಚ್ಚಗನ್ನಡ. ಎರವಲು ಹೆಸರನ್ನು ಶಾಲೆಯ ಗೋಡೆಗೆ ಏರಿಸಬೇಡಿ. ಹೀಗೇ ಒಂದೊಂದಾಗಿ ನಮ್ಮ ಪದ ಹೋಗುತ್ತಿವೆ.

ಉತ್ತರ: ಆಧಾರ ಕೊಡಿ. ಎರಡು ಭಾಷೆಯಲ್ಲಿ ಹತ್ತಿರದ ಪದ ಇದೆ ಅಂದ ಮಾತ್ರಕ್ಕೆ ಸಾಲ ತಂದದ್ದು ನಾವೇ ಅಂತ ಆಗುವುದಿಲ್ಲ. ಬಳ್ಳಾರಿ, ಗಂಗಾವತಿ ಕಡೆ ಒಂದೇ ಮನೆಯಲ್ಲಿ ಎರಡೂ ಭಾಷೆ ಆಡುತ್ತಾರೆ. ಕುರಿ ಮೇಯಿಸುವವರ ಬಾಯಲ್ಲಿರುವ ಹೆಸರನ್ನು ಬರೀ ಅನುಮಾನದ ಮೇಲೆ ತೆಗೆಯುವುದು ಅನ್ಯಾಯ. ಡೊಡೊನಿಯಾ ಅನ್ನುವುದು 16ನೇ ಶತಮಾನದ ಫ್ಲೆಮಿಶ್ ಸಸ್ಯಶಾಸ್ತ್ರಜ್ಞ ರೆಂಬರ್ಟ್ ಡೊಡೊನ್ಸ್ ನೆನಪಿಗೆ ಇಟ್ಟ ಹೆಸರು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಪಕ್ಕದ ಊರಿನ ಪದಕ್ಕೆ ಮಾತ್ರ ಯಾಕೆ ಇಷ್ಟು ಸಿಟ್ಟು?

ಕೇಳಿದವರಿಗೆ: ಮೇಲೆ ದೊಡ್ಡದಾಗಿ ‘ಬಂದರಿಕೆ’, ಪಕ್ಕದಲ್ಲಿ ‘ಹಂಗರಿಕೆ’, ಕೆಳಗೆ ಸಣ್ಣಕ್ಷರದಲ್ಲಿ ಡೊಡೊನಿಯಾ ವಿಸ್ಕೋಸಾ. ಬೇಲಿಯಲ್ಲಿ ಸಂದು ಬಿದ್ದಿದ್ದರೆ ಬೀಜದಿಂದಲೇ ತುಂಬಿಸಿ. ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿಗೆ ಬೀಜ ಹಾಕಿ, ನೀರು ಆರುವವರೆಗೆ ಬಿಟ್ಟು ಮಳೆಗಾಲದ ಮುಂಚೆ ಪಾಕೆಟ್ಟಿನಲ್ಲಿ ಬಿತ್ತಿ. ಸಸಿ ಎಳೆಯದಾಗಿರುವಾಗಲೇ ತುದಿ ಚಿವುಟಿದರೆ ಬುಡದಿಂದ ಕವಲೊಡೆಯುತ್ತದೆ. ಬುಡದಲ್ಲಿ ನೀರು ನಿಲ್ಲಲು ಬಿಡಬೇಡಿ.